ಪಾಠಕ್ಕೆ ದೃಶ್ಯ ಸಾಧನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಣಿತ ಮತ್ತು ವಿಜ್ಞಾನ ಪಾಠ ಮಾಡುತ್ತೇನೆ. ಗ್ರಾಫ್, ನಕ್ಷೆ, ಸಿಮ್ಯುಲೇಶನ್ (ನಿಜದ ಹಾಗೆ ನಡೆಯುವ ಕಂಪ್ಯೂಟರ್ ಮಾದರಿ) ಇಲ್ಲದೆ ನನ್ನ ವಾರ ಕಳೆಯುವುದಿಲ್ಲ. ಬೇರೆ ಶಿಕ್ಷಕರು, ಪೋಷಕರು, ಒಮ್ಮೊಮ್ಮೆ ವಿದ್ಯಾರ್ಥಿಗಳೇ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಉತ್ತರ ಉದ್ದ ಇವೆ. ನಾವು ಜಾಸ್ತಿ ಎಡವುವುದು ಅಲ್ಲೇ.

ದೃಶ್ಯ ಸಾಧನ ಅಂದರೆ ಏನೇನು? ಸ್ಲೈಡ್ ಹಾಕಿದರೆ ಅದೂ ಸೇರುತ್ತದಾ?

ಬರೀ ಮಾತಲ್ಲಿ ಹಿಡಿಯಲು ಕಷ್ಟವಾದ ಸಂಬಂಧವನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವುದೆಲ್ಲ ಸೇರುತ್ತದೆ. ಬೋರ್ಡಿನ ಮೇಲೆ ಎಳೆದ ಸಂಖ್ಯಾರೇಖೆ, ಕಾಲರೇಖೆ, ಭೂಪಟ, ಗ್ರಾಫ್, ಪರಿಕಲ್ಪನಾ ನಕ್ಷೆ (ವಿಷಯಗಳ ಹೆಸರು ಬರೆದು ಅವುಗಳ ಸಂಬಂಧವನ್ನು ಗೆರೆ ಎಳೆದು ತೋರಿಸುವ ಚಿತ್ರ), ಕಂಪ್ಯೂಟರಿನ ಸಿಮ್ಯುಲೇಶನ್, ಎಲ್ಲವೂ. ಪುಸ್ತಕದ ಸಾಲುಗಳನ್ನೇ ಸ್ಲೈಡಿಗೆ ಅಂಟಿಸಿದರೆ ಅದು ದೊಡ್ಡ ಅಕ್ಷರದ ಪುಸ್ತಕ ಅಷ್ಟೇ.

ಒಂದು ಚಿತ್ರ ಬೇಕೋ ಬೇಡವೋ ಎಂದು ನೋಡಲು ನಾನು ಅದನ್ನು ಬೆರಳಿನಿಂದ ಮುಚ್ಚಿ ಪಾಠ ಓದುತ್ತೇನೆ. ಅರ್ಥ ಮಾಡಿಕೊಳ್ಳುವುದು ಕಷ್ಟವಾಗದಿದ್ದರೆ ಆ ಚಿತ್ರ ತೆಗೆದುಬಿಡುತ್ತೇನೆ.

ಚಿತ್ರ ಇದ್ದರೆ ನಿಜವಾಗಿಯೂ ಚೆನ್ನಾಗಿ ಅರ್ಥವಾಗುತ್ತದಾ?

ಸರಿಯಾಗಿ ಬಳಸಿದರೆ ಹೌದು. ಮಾತಿನಲ್ಲೂ ಚಿತ್ರದಲ್ಲೂ ಎರಡು ಬಗೆಯಲ್ಲಿ ಮನಸ್ಸಿನಲ್ಲಿ ಕೂತದ್ದು ಸುಲಭವಾಗಿ ನೆನಪಿಗೆ ಬರುತ್ತದೆ ಎಂದು ಕೆನಡಾದ ಮನಃಶಾಸ್ತ್ರಜ್ಞ ಆಲನ್ ಪೈವಿಯೋ 1971ರಲ್ಲಿ ವಿವರವಾಗಿ ವಾದ ಮಂಡಿಸಿದರು. ಆಮೇಲೆ ಅಮೆರಿಕದ ರಿಚರ್ಡ್ ಮೇಯರ್ ಇದನ್ನು ಪಾಠದ ವಿಷಯದಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿ ನೋಡಿದರು. ಅವರ ಕೆಲಸದಿಂದ ನಾನು ದಿನಾ ಬಳಸುವ ಮಾತುಗಳು ಮೂರು. ಹೆಸರುಗಳು ಚಿತ್ರದ ಪಕ್ಕದಲ್ಲೇ ಇರಲಿ, ಕೆಳಗಿನ ಪಟ್ಟಿಯಲ್ಲಿ ಬೇಡ. ಚಿತ್ರ ತೋರಿಸುವಾಗಲೇ ಮಾತಾಡಿ, ಆಮೇಲೆ ಅಲ್ಲ. ನೀವು ಬಾಯಲ್ಲಿ ಹೇಳುತ್ತಿರುವುದನ್ನೇ ಅಕ್ಷರಶಃ ಪರದೆ ಮೇಲೆ ಹಾಕಬೇಡಿ.

ಮೊದಲನೆಯದನ್ನು ಇವತ್ತೇ ಪರೀಕ್ಷೆ ಮಾಡಬಹುದು. ಹೃದಯದ ಚಿತ್ರದಲ್ಲಿ 1, 2, 3 ಎಂದು ಗುರುತು ಹಾಕಿ ಕೆಳಗೆ ಪಟ್ಟಿ ಕೊಟ್ಟರೆ ಮಗುವಿನ ಕಣ್ಣು ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ‘3 ಅಂದರೆ ಯಾವುದು’ ಎಂದು ನೆನಪಿಟ್ಟುಕೊಳ್ಳುವುದರಲ್ಲೇ ಶಕ್ತಿ ಮುಗಿಯುತ್ತದೆ. ರಕ್ತ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಯಿತು ಎಂದು ಯೋಚಿಸಲು ಏನು ಉಳಿಯುತ್ತದೆ ಹೇಳಿ? ‘ಎಡ ಹೃತ್ಕುಕ್ಷಿ’ ಎಂಬ ಹೆಸರನ್ನು ಆ ಜಾಗದಲ್ಲೇ ಬರೆದುಬಿಡಿ.

ಯಾವ ಸಾಧನದಿಂದ ಶುರು ಮಾಡಲಿ?

ಗಣಿತ ಆದರೆ ಜಿಯೋಜೀಬ್ರಾ ಎಂಬ ತಂತ್ರಾಂಶ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇದನ್ನು ಶುರು ಮಾಡಿದರು. ರೇಖಾಗಣಿತ ಮತ್ತು ಬೀಜಗಣಿತ ಒಂದೇ ಪರದೆಯಲ್ಲಿ ಜೊತೆಜೊತೆಗೆ ಬದಲಾಗುವುದು ಇದರ ದೊಡ್ಡ ಗುಣ. ಬರೀ ಗ್ರಾಫ್ ಸಾಕು ಎನ್ನುವವರಿಗೆ ಡೆಸ್ಮೋಸ್ ಇನ್ನೂ ಸರಳ.

ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಫೆಟ್ ಸಿಮ್ಯುಲೇಶನ್‌ಗಳು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಕಟ್ಟಿದರು. ಆಕಾಶಕ್ಕೆ ಸ್ಟೆಲೇರಿಯಂ. ದೇಶಗಳ ಆಯಸ್ಸು, ಆದಾಯದಂತಹ ಅಂಕಿಅಂಶಕ್ಕೆ ಗ್ಯಾಪ್‌ಮೈಂಡರ್. ಪ್ರೋಗ್ರಾಮಿಂಗ್ ಕಲಿಸುವವರು, ಪ್ರೋಗ್ರಾಮ್ ಹಂತ ಹಂತವಾಗಿ ನಡೆಯುವುದನ್ನು ಚಿತ್ರದಲ್ಲಿ ತೋರಿಸುವ ಪೈಥಾನ್ ಟ್ಯೂಟರ್ ನೋಡಲೇಬೇಕು. ಒಂದೇ ಪಟ್ಟಿಗೆ ಎರಡು ಹೆಸರು ಕೊಟ್ಟು, ಒಂದು ಹೆಸರಿನ ಮೂಲಕ ಬದಲಾಯಿಸಿದರೆ ಇನ್ನೊಂದು ಯಾಕೆ ಬದಲಾಗುತ್ತದೆ ಎಂದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅಲ್ಲಿ ಎರಡು ಬಾಣಗಳು ಒಂದೇ ಡಬ್ಬಿಗೆ ಹೋಗಿ ತಾಗುವುದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ.

ಒಂದೇ ಸಲ ಎಲ್ಲವನ್ನೂ ಕಲಿಯಲು ಹೋಗಬೇಡಿ. ಒಂದು ಸಾಧನ, ಒಂದು ಪಾಠ. ಪ್ರತಿ ವರ್ಷ ಮಕ್ಕಳು ಎಲ್ಲಿ ತಡವರಿಸುತ್ತಾರೆ ಎಂದು ನಿಮಗೆ ಗೊತ್ತಿರುವ ಪಾಠವನ್ನೇ ಆರಿಸಿಕೊಳ್ಳಿ.

ತರಗತಿಯಲ್ಲಿ ಇದನ್ನು ಹೇಗೆ ನಡೆಸುವುದು? ಒಂದು ಉದಾಹರಣೆ ಹೇಳಿ.

ತ್ರಿಕೋನದ ವಿಸ್ತೀರ್ಣವನ್ನೇ ತೆಗೆದುಕೊಳ್ಳೋಣ. ಪರದೆಯಲ್ಲಿ ಎರಡು ಸಮಾನಾಂತರ ರೇಖೆಗಳು. ಕೆಳಗಿನ ರೇಖೆಯ ಮೇಲೆ ತ್ರಿಕೋನದ ಪಾದ, ಮೇಲಿನ ರೇಖೆಯ ಮೇಲೆ ಅದರ ತುದಿ. ಮೂಲೆಯಲ್ಲಿ ವಿಸ್ತೀರ್ಣದ ಅಂಕಿ, 12.

ನಾನು ಮೊದಲ ವರ್ಷ ತುದಿಯನ್ನು ಹಿಡಿದು ಎಳೆದು ತೋರಿಸಿದೆ. ‘ನೋಡಿ, ವಿಸ್ತೀರ್ಣ ಬದಲಾಗಲಿಲ್ಲ’ ಎಂದೆ. ಎಲ್ಲರೂ ತಲೆಯಾಡಿಸಿದರು. ಎರಡು ವಾರದ ನಂತರ ಪರೀಕ್ಷೆಯಲ್ಲಿ ಒಂದು ಕಡೆ ವಾಲಿದ ತ್ರಿಕೋನ ಕೊಟ್ಟರೆ, ಅರ್ಧಕ್ಕಿಂತ ಜಾಸ್ತಿ ಮಕ್ಕಳು ವಾಲಿದ ಬದಿಯನ್ನೇ ಎತ್ತರ ಎಂದು ಹಿಡಿದು ಲೆಕ್ಕ ಮಾಡಿದ್ದರು. ಅವರು ನೋಡಿದ್ದರು, ಆದರೆ ಏನನ್ನೂ ಯೋಚಿಸಿರಲಿಲ್ಲ. ಯೋಚಿಸಲು ನಾನು ಜಾಗ ಕೊಟ್ಟಿರಲಿಲ್ಲ.

ಈಗ ಹಾಗೆ ಮಾಡುವುದಿಲ್ಲ. ತುದಿಯ ಮೇಲೆ ಮೌಸ್ ಇಟ್ಟು ನಿಲ್ಲಿಸುತ್ತೇನೆ. ‘ಇದನ್ನು ಬಲಕ್ಕೆ ತುಂಬಾ ದೂರ ಎಳೆದರೆ ವಿಸ್ತೀರ್ಣ ಜಾಸ್ತಿ ಆಗುತ್ತದೋ, ಕಡಿಮೆ ಆಗುತ್ತದೋ, ಅಷ್ಟೇ ಇರುತ್ತದೋ? ಬರೆಯಿರಿ, ಕಾರಣವನ್ನೂ ಬರೆಯಿರಿ.’ ಎಲ್ಲರೂ ಬರೆದು ಮುಗಿಸುವ ತನಕ ಎಳೆಯುವುದಿಲ್ಲ. ‘ಜಾಸ್ತಿ, ಯಾಕೆಂದರೆ ಬದಿಗಳು ಉದ್ದ ಆಗುತ್ತವೆ’ ಎಂದು ಬಹಳ ಜನ ಬರೆಯುತ್ತಾರೆ. ಕೆಲವರು ‘ಕಡಿಮೆ, ತೆಳ್ಳಗಾಗುತ್ತದೆ’ ಎನ್ನುತ್ತಾರೆ. ಆಮೇಲೆ ಎಳೆಯುತ್ತೇನೆ. ತ್ರಿಕೋನ ಸೂಜಿಯ ಹಾಗೆ ಸಣ್ಣಗಾಗುತ್ತದೆ, ಮೂಲೆಯಲ್ಲಿ 12 ಮಾತ್ರ ಅಲುಗಾಡುವುದಿಲ್ಲ. ಆಗ ತರಗತಿ ಒಂದು ಕ್ಷಣ ನಿಶ್ಶಬ್ದ. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಎತ್ತರ ಅಂದ್ರೆ ಆ ವಾಲಿರೋ ಗೆರೆ ಅಲ್ಲ, ತುದಿಯಿಂದ ದಾರ ಇಳಿಬಿಟ್ರೆ ಎಷ್ಟು ಉದ್ದ ಬೇಕೋ ಅಷ್ಟು’ ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಅಂದಿನಿಂದ ಆ ದಾರ ನನ್ನ ಪಾಠದಲ್ಲಿದೆ.

ಅಲ್ಲಿಗೇ ನಿಲ್ಲಿಸಬೇಡಿ. ‘ವಿಸ್ತೀರ್ಣ ಅಷ್ಟೇ ಇದೆ, ಸುತ್ತಳತೆ? ಅದು ಅತಿ ಕಡಿಮೆ ಆಗುವುದು ತುದಿ ಎಲ್ಲಿದ್ದಾಗ?’ ಎಂದು ಕೇಳಿ, ಮೌಸನ್ನು ಅವರ ಕೈಗೆ ಕೊಡಿ. ತುದಿ ಪಾದದ ನಟ್ಟನಡುವೆ ನೇರ ಮೇಲೆ ಬಂದಾಗ ಎಂದು ಅವರೇ ಕಂಡುಹಿಡಿಯುತ್ತಾರೆ.

ಊಹಿಸು, ನೋಡು, ವಿವರಿಸು ಎಂಬ ಈ ಕ್ರಮ ನನ್ನದಲ್ಲ. ವಿಜ್ಞಾನ ಪಾಠದಲ್ಲಿ ಇದನ್ನು ಬಳಸುವ ಬಗೆಯನ್ನು ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ 1992ರಲ್ಲಿ ವಿವರವಾಗಿ ಬರೆದರು. ಊಹೆಯನ್ನು ಬರೆಸುವುದು ಮುಖ್ಯ. ಬಾಯಲ್ಲಿ ಕೇಳಿದರೆ ಜೋರಾಗಿ ಹೇಳುವ ಇಬ್ಬರ ಉತ್ತರವೇ ಎಲ್ಲರ ಉತ್ತರ ಆಗಿಬಿಡುತ್ತದೆ, ಅಲ್ವಾ?

ನಿಂತ ಚಿತ್ರಕ್ಕಿಂತ ಅನಿಮೇಶನ್ ಒಳ್ಳೆಯದಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಬಾರ್ಬರಾ ಟ್ವೆರ್‌ಸ್ಕಿ ಮತ್ತು ಜೊತೆಗಾರರು 2002ರಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಒಳ್ಳೆಯ ನಿಂತ ಚಿತ್ರಗಳಿಗಿಂತ ಅನಿಮೇಶನ್ ಮೇಲು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಅನಿಮೇಶನ್ ಗೆದ್ದ ಕಡೆ, ಅದರಲ್ಲಿ ನಿಂತ ಚಿತ್ರದಲ್ಲಿ ಇಲ್ಲದ ಮಾಹಿತಿಯೂ ಸೇರಿರುತ್ತಿತ್ತು.

ಕಾರಣ ಸರಳ. ಅನಿಮೇಶನ್ ಓಡಿಹೋಗುತ್ತದೆ. ಜೀವಕೋಶ ವಿಭಜನೆಯ ಮೂವತ್ತು ಸೆಕೆಂಡಿನ ವೀಡಿಯೋದಲ್ಲಿ ವರ್ಣತಂತುಗಳು ಸಾಲಾಗಿ ನಿಲ್ಲುವ ಹೊತ್ತಿಗೆ ಮಗು ಇನ್ನೂ ಹಿಂದಿನ ಹಂತದಲ್ಲೇ ಇರುತ್ತದೆ. ಅದಕ್ಕೆ ಅನಿಮೇಶನ್ ತೋರಿಸುವುದಾದರೆ ನಿಲ್ಲಿಸಿ ನಿಲ್ಲಿಸಿ ತೋರಿಸಿ. ನಾಲ್ಕು ಕಡೆ ಸ್ಕ್ರೀನ್‌ಶಾಟ್ ತೆಗೆದು, ಕಲಸಿ ಕೊಟ್ಟು, ಸರಿಯಾದ ಕ್ರಮದಲ್ಲಿ ಜೋಡಿಸಲು ಹೇಳಿದರೆ ಇನ್ನೂ ಒಳ್ಳೆಯದು.

ಕಂಪ್ಯೂಟರ್ ಅಲ್ಗಾರಿದಮ್‌ಗಳ (ಒಂದು ಕೆಲಸವನ್ನು ಹಂತ ಹಂತವಾಗಿ ಮಾಡುವ ವಿಧಾನಗಳ) ದೃಶ್ಯೀಕರಣದ ಬಗ್ಗೆಯೂ ಅದೇ ವರ್ಷ ಹಂಡ್‌ಹೌಸನ್, ಡಗ್ಲಸ್, ಸ್ಟಾಸ್ಕೊ ಎಂಬ ಮೂವರು 24 ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಪರದೆ ಏನು ತೋರಿಸುತ್ತದೆ ಎನ್ನುವುದಕ್ಕಿಂತ, ಅದರ ಜೊತೆ ವಿದ್ಯಾರ್ಥಿ ಏನು ಮಾಡುತ್ತಾನೆ ಎನ್ನುವುದೇ ಕಲಿಕೆಗೆ ಜಾಸ್ತಿ ಮುಖ್ಯ ಎಂದು ಅವರಿಗೆ ಕಂಡಿತು. ನನ್ನ ತ್ರಿಕೋನದ ಪಾಠದಲ್ಲಿ ಆದದ್ದೂ ಅದೇ.

ಚಿತ್ರದಿಂದಲೇ ಮಕ್ಕಳು ತಪ್ಪು ಕಲಿಯಬಹುದಾ?

ಖಂಡಿತ. ಈ ಪ್ರಶ್ನೆಯನ್ನು ಜನ ಕೇಳುವುದು ಕಡಿಮೆ. ಎಲ್ಲರೂ ಕೇಳಬೇಕಾದದ್ದು ಇದೇ.

ಭೂಮಿ ಸೂರ್ಯನ ಸುತ್ತ ತಿರುಗುವ ಚಿತ್ರ ನೆನಪಿಸಿಕೊಳ್ಳಿ. ಉದ್ದನೆಯ ಮೊಟ್ಟೆಯಾಕಾರ, ನಡುವೆ ಸೂರ್ಯ. ಓರೆಯಿಂದ ನೋಡಿದ ಹಾಗೆ ಬಿಡಿಸಿರುತ್ತಾರೆ, ಆದರೆ ಆ ವಿಷಯ ಎಲ್ಲೂ ಬರೆದಿರುವುದಿಲ್ಲ. ಅದನ್ನು ನೋಡಿದ ಮಗು ‘ಭೂಮಿ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ’ ಎಂದುಕೊಳ್ಳುತ್ತದೆ. ಮಗುವಿನ ತರ್ಕದಲ್ಲಿ ತಪ್ಪಿಲ್ಲ. ಚಿತ್ರ ಹೇಳಿದ್ದನ್ನೇ ಅದು ಕೇಳಿಸಿಕೊಂಡಿದೆ.

ನಿಜ ಏನು? ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಉತ್ತರಾರ್ಧಗೋಳದಲ್ಲಿ ಆಗ ಚಳಿಗಾಲ. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಋತುಗಳಿಗೆ ಕಾರಣ ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದು.

ನಾನು ಇದನ್ನು ಹೇಳುವುದಕ್ಕೆ ಮುಂಚೆ ಬೋರ್ಡಿನ ಮೇಲೆ ಒಂದು ಮೀಟರ್ ಅಗಲದ ಭೂಕಕ್ಷೆ ಬಿಡಿಸಲು ಹೇಳುತ್ತೇನೆ. ಸರಿಯಾದ ಅಳತೆಯಲ್ಲಿ ಬಿಡಿಸಿದರೆ ಅದರ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಸುಮಾರು 0.14 ಮಿಲಿಮೀಟರ್. ಚಾಕ್‌ಪೀಸಿನ ಗೆರೆಯೇ ಅದಕ್ಕಿಂತ ದಪ್ಪ! ಸೂರ್ಯ ಮಾತ್ರ ನಡುವಿನಿಂದ 8 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತಾನೆ. ದಾರ ಕಟ್ಟಿ ವೃತ್ತ ಎಳೆದು, ನಡುವಿನ ಪಕ್ಕದಲ್ಲಿ ಚುಕ್ಕೆ ಇಟ್ಟ ಮೇಲೆ ಮಕ್ಕಳು ಪುಸ್ತಕದ ಚಿತ್ರವನ್ನು ಅನುಮಾನದಿಂದ ನೋಡಲು ಶುರು ಮಾಡುತ್ತಾರೆ. ನನಗೆ ಬೇಕಾದದ್ದು ಆ ಅನುಮಾನವೇ.

ಗೋಡೆಯ ಭೂಪಟವೂ ಹಾಗೆಯೇ. ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ಮಾಡಿದ ಬಗೆಯ ಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಆ ಪಟ ಕೆಟ್ಟದ್ದಲ್ಲ. ಹಡಗು ಒಂದೇ ದಿಕ್ಕು ಹಿಡಿದು ಸಾಗುವ ದಾರಿ ನೇರ ಗೆರೆಯಾಗಿ ಕಾಣಲಿ ಎಂದು ಮಾಡಿದ್ದು. ವಿಸ್ತೀರ್ಣ ಹೋಲಿಸಲು ಗೋಳ ತೆಗೆದುಕೊಳ್ಳಿ.

ಪ್ರತಿ ಚಿತ್ರವೂ ಏನನ್ನೋ ಬಿಟ್ಟಿರುತ್ತದೆ, ಏನನ್ನೋ ಉಬ್ಬಿಸಿರುತ್ತದೆ. ‘ಈ ಚಿತ್ರದಲ್ಲಿ ಯಾವುದು ನಿಜದ ಹಾಗಿಲ್ಲ?’ ಎಂಬ ಪ್ರಶ್ನೆಯನ್ನು ಪಾಠದ ಭಾಗ ಮಾಡಿಕೊಳ್ಳಿ. ಎಐ ಬಿಡಿಸಿಕೊಟ್ಟ ಚಿತ್ರಗಳಿಗೆ ಇದು ಇನ್ನೂ ಅಗತ್ಯ. ನೋಡಲು ಬಹಳ ಚೆಂದ ಇರುತ್ತವೆ, ಆದರೆ ಹೆಸರುಗಳು ತಪ್ಪು ಜಾಗದಲ್ಲಿ ಕೂತಿರಬಹುದು. ಪ್ರತಿ ಬಾಣವನ್ನೂ ಬೆರಳಿಟ್ಟು ನೋಡದೆ ತರಗತಿಗೆ ತರಬೇಡಿ.

ಅಂಕಿಅಂಶಕ್ಕೆ ಯಾವ ಗ್ರಾಫ್ ಆರಿಸಲಿ?

ಹೋಲಿಸಬೇಕಾದರೆ ಬಾರ್ ಗ್ರಾಫ್, ಕಾಲಕ್ಕೆ ತಕ್ಕ ಬದಲಾವಣೆಗೆ ಗೆರೆ ಗ್ರಾಫ್, ಎರಡು ಅಳತೆಗಳ ಸಂಬಂಧಕ್ಕೆ ಚುಕ್ಕೆ ಗ್ರಾಫ್. ಪೈ ಚಾರ್ಟನ್ನು ಎರಡು ಮೂರು ಭಾಗಗಳಿಗಿಂತ ಜಾಸ್ತಿ ಇದ್ದಾಗ ನಾನು ಬಳಸುವುದಿಲ್ಲ. ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಚೆನ್ನಾಗಿ ಹೋಲಿಸುತ್ತದೆ, ಕೋನವನ್ನು ಅಷ್ಟು ಚೆನ್ನಾಗಿ ಅಲ್ಲ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಪ್ರಯೋಗ ಮಾಡಿ ಇದನ್ನು ತೋರಿಸಿದರು.

ಬಾರ್ ಗ್ರಾಫಿನಲ್ಲಿ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ. 50 ಮತ್ತು 52 ಅಂಕಗಳ ಎರಡು ಕಂಬಗಳನ್ನು 48ರಿಂದ ಶುರು ಮಾಡಿ ಬಿಡಿಸಿ ನೋಡಿ. ಒಂದು ಕಂಬ ಇನ್ನೊಂದರ ಎರಡು ಪಟ್ಟು ಕಾಣುತ್ತದೆ.

‘ಸರಾಸರಿ ತೆಗೆದರೆ ಸಾಕಲ್ಲ, ಗ್ರಾಫ್ ಯಾಕೆ?’ ಎನ್ನುವವರಿಗೆ ಆನ್‌ಸ್ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ಕೊಟ್ಟ ನಾಲ್ಕು ಪಟ್ಟಿಗಳನ್ನು ತೋರಿಸಿ. ಪ್ರತಿಯೊಂದರಲ್ಲೂ 11 ಜೋಡಿ ಸಂಖ್ಯೆಗಳು. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈನ ಸರಾಸರಿ 7.5, ಪರಸ್ಪರ ಸಂಬಂಧದ ಅಂಕಿ (ಎರಡೂ ಎಷ್ಟರ ಮಟ್ಟಿಗೆ ಜೊತೆಯಾಗಿ ಬದಲಾಗುತ್ತವೆ ಎಂಬ ಅಳತೆ) ಸುಮಾರು 0.816. ಲೆಕ್ಕದ ಪ್ರಕಾರ ನಾಲ್ಕೂ ಒಂದೇ. ಗ್ರಾಫ್ ಹಾಕಿ: ಒಂದು ಚದುರಿದ ಓರೆ ಸಾಲು, ಒಂದು ಬಿಲ್ಲಿನ ಹಾಗೆ ಬಾಗಿದ್ದು, ಒಂದು ನೇರ ಸಾಲಿನಿಂದ ಒಂದೇ ಚುಕ್ಕೆ ಹೊರಗೆ ಹಾರಿದ್ದು, ಇನ್ನೊಂದರಲ್ಲಿ ಹತ್ತು ಚುಕ್ಕೆಗಳು ಕಂಬದ ಹಾಗೆ ನಿಂತು ಒಂದು ಮಾತ್ರ ದೂರದಲ್ಲಿ. ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಗುಂಪಿಗೊಂದು ಪಟ್ಟಿ ಕೊಟ್ಟು, ಮೊದಲು ಸರಾಸರಿ ತೆಗೆಸಿ. ‘ಎಲ್ಲರದ್ದೂ ಒಂದೇ!’ ಎಂದು ಕೂಗಿದ ಮೇಲೆ ಗ್ರಾಫ್ ಹಾಳೆ ಕೊಡಿ.

ನನ್ನ ಮಗು ‘ವಿಶುವಲ್ ಲರ್ನರ್’, ಅಂದರೆ ನೋಡಿಯೇ ಚೆನ್ನಾಗಿ ಕಲಿಯುವವನು ಅಂತೆ. ಅವನಿಗೆ ಚಿತ್ರದಲ್ಲೇ ಕಲಿಸಬೇಕಾ?

ಬೇಡ. ಮಗುವಿನ ‘ಶೈಲಿ’ಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸರಿಯಾದ ಆಧಾರ ಇಲ್ಲ ಎಂದು ಪ್ಯಾಶ್ಲರ್ ಮತ್ತು ಇತರರು 2008ರಲ್ಲಿ ಪರಿಶೀಲಿಸಿ ಹೇಳಿದರು. ಭೂಪಟ ಎಲ್ಲರಿಗೂ ಕಣ್ಣಿನ ಪಾಠ, ಉಚ್ಚಾರಣೆ ಎಲ್ಲರಿಗೂ ಕಿವಿಯ ಪಾಠ. ವಿಷಯ ಏನು ಕೇಳುತ್ತದೆ ಎಂದು ನೋಡಿ. ಮಗುವಿನ ಹಣೆಗೆ ಚೀಟಿ ಅಂಟಿಸಬೇಡಿ.

ಇತಿಹಾಸ, ಸಮಾಜ ಪಾಠಕ್ಕೂ ಇದು ಹೊಂದುತ್ತದಾ?

ಬಹಳ ಚೆನ್ನಾಗಿ. ನನ್ನ ಮೆಚ್ಚಿನ ಉದಾಹರಣೆ 1854ರ ಲಂಡನ್. ಸೋಹೊ ಪ್ರದೇಶದಲ್ಲಿ ಕಾಲರಾ ಹಬ್ಬಿತು. ಕೆಟ್ಟ ಗಾಳಿಯಿಂದ ಬರುತ್ತದೆ ಎಂದೇ ಹೆಚ್ಚಿನವರು ನಂಬಿದ್ದ ಕಾಲ. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿದರು, ಒಂದು ಸಾವಿಗೆ ಒಂದು ಸಣ್ಣ ಕಪ್ಪು ಗೆರೆ. ಗೆರೆಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಒತ್ತೊತ್ತಾಗಿ ನಿಂತಿವೆ.

ಹೆಸರುಗಳನ್ನೆಲ್ಲ ತೆಗೆದ ನಕ್ಷೆ ಕೊಟ್ಟು ‘ಇಲ್ಲಿ ಏನು ನಡೆದಿರಬಹುದು?’ ಎಂದಷ್ಟೇ ಕೇಳಿ. ಆಮೇಲೆ ಗೆರೆಗಳೇ ಇಲ್ಲದ ಜಾಗವನ್ನು ತೋರಿಸಿ. ಪಂಪಿನ ಹತ್ತಿರವೇ ಒಂದು ಬಿಯರ್ ತಯಾರಿಸುವ ಕಾರ್ಖಾನೆ ಇತ್ತು, ಅಲ್ಲಿನ ಕೆಲಸಗಾರರು ಬಚಾವಾದರು. ಯಾಕೆ? ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ಇಲ್ಲದ ಗೆರೆಯೂ ಸಾಕ್ಷಿ ಹೇಳುತ್ತದೆ ಎಂದು ಮಕ್ಕಳಿಗೆ ಹೊಳೆಯುವುದು ಇಲ್ಲಿ. ಆದರೆ ಒಂದು ಎಚ್ಚರಿಕೆ. ನಕ್ಷೆ ನೋಡಿ ಪಂಪಿನ ಹಿಡಿ ಕಿತ್ತರು ಎಂದು ಕಥೆ ಹೇಳುತ್ತಾರೆ. ಹಿಡಿ ತೆಗೆದದ್ದು ಸೆಪ್ಟೆಂಬರ್ 8ರಂದು, ಪ್ರಸಿದ್ಧವಾದ ಆ ನಕ್ಷೆ ಬಂದದ್ದು ಆಮೇಲೆ.

ಇನ್ನೊಂದು, ಶಾರ್ಲ್ ಮಿನಾರ್ 1869ರಲ್ಲಿ ಬಿಡಿಸಿದ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯ ನಕ್ಷೆ. ಅದರಲ್ಲಿ ಪಟ್ಟಿಯ ದಪ್ಪವೇ ಸೈನಿಕರ ಸಂಖ್ಯೆ. 4,22,000 ಸೈನಿಕರ ದಪ್ಪ ಪಟ್ಟಿ ಮಾಸ್ಕೋ ಕಡೆಗೆ ಹೋಗುತ್ತಾ ತೆಳುವಾಗುತ್ತದೆ. ವಾಪಸ್ ಬರುವಾಗ 10,000 ಜನರ ಒಂದು ಎಳೆ ಉಳಿಯುತ್ತದೆ. ಯಾವ ನದಿಯ ಬಳಿ ಪಟ್ಟಿ ದಿಢೀರನೆ ಸಣ್ಣಗಾಯಿತು ಎಂದು ಮಕ್ಕಳೇ ಹುಡುಕಲಿ.

ಕಂಪ್ಯೂಟರ್ ಇಲ್ಲ. ನನಗೆ ಚಿತ್ರ ಬಿಡಿಸಲೂ ಬರುವುದಿಲ್ಲ. ಏನು ಮಾಡಲಿ?

10 ಸೆಂಟಿಮೀಟರ್ ಚೆಂಡು ಭೂಮಿ, 2.7 ಸೆಂಟಿಮೀಟರಿನ ಉಂಡೆ ಚಂದ್ರ. ‘ಚಂದ್ರನನ್ನು ಸರಿಯಾದ ದೂರದಲ್ಲಿ ಹಿಡಿ’ ಎನ್ನಿ. ಸುಮಾರು ಎಲ್ಲರೂ ಒಂದು ಮೊಳದ ಒಳಗೇ ಹಿಡಿಯುತ್ತಾರೆ. ಸರಿಯಾದ ದೂರ 3 ಮೀಟರ್. ಇದಕ್ಕೆ ಕರೆಂಟ್ ಬೇಡ.

ಚಿತ್ರ ಚೆಂದ ಬರಬೇಕಾಗಿಯೂ ಇಲ್ಲ. ಕಡ್ಡಿ ಮನುಷ್ಯರು, ಡಬ್ಬಿಗಳು, ಬಾಣಗಳು ಸಾಕು. ಮಕ್ಕಳ ಕಣ್ಣ ಮುಂದೆ, ಮಾತಾಡುತ್ತಾ, ಒಂದೊಂದೇ ಗೆರೆ ಎಳೆಯುವುದಕ್ಕೆ ದೊಡ್ಡ ಲಾಭ ಇದೆ: ಚಿತ್ರ ಅವರ ಯೋಚನೆಯ ವೇಗದಲ್ಲೇ ಬೆಳೆಯುತ್ತದೆ. ಅವರ ಕೈಯಲ್ಲೂ ಬಿಡಿಸಿ. ಪದಗಳನ್ನು ಬರೆದುಕೊಂಡವರಿಗಿಂತ ಅವುಗಳ ಚಿತ್ರ ಬಿಡಿಸಿದವರು ಜಾಸ್ತಿ ನೆನಪಿಟ್ಟುಕೊಂಡರು ಎಂದು ವಾಮ್ಸ್ ಮತ್ತು ಜೊತೆಗಾರರು 2016ರಲ್ಲಿ ತೋರಿಸಿದರು. ಬಿಡಿಸಿದವರ ಕಲೆ ಚೆನ್ನಾಗಿತ್ತೋ ಇಲ್ಲವೋ ಎನ್ನುವುದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ.

ಪರಿಕಲ್ಪನಾ ನಕ್ಷೆಯೂ ಕಾಗದದಲ್ಲೇ ಆಗುತ್ತದೆ. 1970ರ ದಶಕದಲ್ಲಿ ಜೋಸೆಫ್ ನೋವಾಕ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ರೂಪಿಸಿದರು. ಗೆರೆಯ ಮೇಲೆ ಕ್ರಿಯಾಪದ ಬರೆಯಲೇಬೇಕು ಎಂದು ಹೇಳಿ. ‘ಎಲೆ’ ಮತ್ತು ‘ಬೆಳಕು’ ನಡುವೆ ಸುಮ್ನೆ ಗೆರೆ ಎಳೆದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಎಲೆ ಬೆಳಕನ್ನು ಹೀರುತ್ತದೆ’ ಎಂದು ಬರೆದರೆ ಸರಿಯೋ ತಪ್ಪೋ ಎಂದು ಚರ್ಚೆ ಮಾಡಬಹುದು.

ಸಿಮ್ಯುಲೇಶನ್ ಕೊಟ್ಟರೆ ಮಕ್ಕಳು ಸುಮ್ನೆ ಬಟನ್ ಒತ್ತುತ್ತಾ ಆಡುತ್ತಾರೆ.

ಐದು ನಿಮಿಷ ಆಡಲು ಬಿಡಿ, ಅದು ಬೇಕು. ಆಮೇಲೆ ಉತ್ತರ ಹುಡುಕಬೇಕಾದ ಒಂದೇ ಪ್ರಶ್ನೆ ಕೊಡಿ. ಲೋಲಕದ ಸಿಮ್ಯುಲೇಶನ್ ಆದರೆ, ‘ಒಂದು ಓಲಾಟಕ್ಕೆ ಹಿಡಿಯುವ ಸಮಯ ಸರಿಯಾಗಿ ಎರಡು ಪಟ್ಟು ಆಗಬೇಕು. ಏನನ್ನು ಎಷ್ಟು ಬದಲಾಯಿಸುತ್ತೀರಿ?’ ತೂಕ ಬದಲಾಯಿಸಿ ನೋಡುತ್ತಾರೆ, ಏನೂ ಆಗುವುದಿಲ್ಲ. ದಾರವನ್ನು ಎರಡು ಪಟ್ಟು ಮಾಡುತ್ತಾರೆ, ಸಾಲುವುದಿಲ್ಲ. ನಾಲ್ಕು ಪಟ್ಟು ಎಂದು ತಲುಪುವ ಹೊತ್ತಿಗೆ ವರ್ಗಮೂಲ ಅವರಿಗೇ ಬೇಕಾಗಿರುತ್ತದೆ.

‘ಎಲ್ಲ ಸ್ಲೈಡರ್ ಬದಲಾಯಿಸಿ ಕೋಷ್ಟಕ ತುಂಬಿ’ ಎಂಬ ಎರಡು ಪುಟದ ಹಾಳೆ ಕೊಡಬೇಡಿ. ಆಗ ಮಕ್ಕಳ ಕಣ್ಣು ಹಾಳೆಯ ಮೇಲೇ ಇರುತ್ತದೆ.

ಬಣ್ಣ ಗುರುತಿಸಲಾಗದ, ಕಣ್ಣು ಕಾಣದ ಮಕ್ಕಳಿಗೆ?

ಕೆಂಪು ಮತ್ತು ಹಸಿರು ಬೇರೆಯಾಗಿ ಕಾಣದಿರುವುದು ಅಪರೂಪ ಅಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನರಿಗೆ ಬಣ್ಣ ಗುರುತಿಸುವ ತೊಂದರೆ ಇದೆ. ಬೇರೆ ಜನಗಳಲ್ಲಿ ಪ್ರಮಾಣ ಕಡಿಮೆ ಇದ್ದರೂ ತೊಂದರೆ ಇದ್ದೇ ಇದೆ. ಬರೀ ಬಣ್ಣದಿಂದ ವ್ಯತ್ಯಾಸ ತೋರಿಸಬೇಡಿ. ಗೆರೆಯನ್ನು ಚುಕ್ಕೆ ಚುಕ್ಕೆ ಮಾಡಿ, ಪಕ್ಕದಲ್ಲೇ ಹೆಸರು ಬರೆಯಿರಿ. ಹಾಳೆಯನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿದರೆ ಎಲ್ಲಿ ಸಮಸ್ಯೆ ಎಂದು ತಕ್ಷಣ ಗೊತ್ತಾಗುತ್ತದೆ.

ಕಣ್ಣು ಕಾಣದ ಮಗುವಿಗೆ ಗ್ರಾಫನ್ನು ಬೆರಳಿಗೆ ಸಿಗುವ ಹಾಗೆ ಮಾಡಿ. ರಟ್ಟಿನ ಮೇಲೆ ಅಂಟಿಸಿದ ದಾರ, ಅಕ್ಷದ ಮೇಲೆ ಗುಂಡುಪಿನ್ನಿನ ತಲೆಗಳು. ಬಾಯಲ್ಲಿ ವಿವರಿಸುವಾಗ ‘ಇದು, ಅದು, ಇಲ್ಲಿ’ ಎನ್ನಬೇಡಿ. ‘ಗೆರೆ ಎಡದಿಂದ ಬಲಕ್ಕೆ ಮೊದಲು ನಿಧಾನ ಏರುತ್ತದೆ, ನಡುವಿನಿಂದ ಕಡಿದಾಗಿ’ ಎನ್ನಿ. ಹೀಗೆ ಹೇಳುವ ಅಭ್ಯಾಸ ಆದ ಮೇಲೆ ಉಳಿದ ಮಕ್ಕಳೂ ಗ್ರಾಫನ್ನು ಜಾಸ್ತಿ ಗಮನವಿಟ್ಟು ನೋಡುವುದನ್ನು ನಾನು ಕಂಡಿದ್ದೇನೆ.

ಅರ್ಥವಾಗಿದೆ ಎಂದು ತಿಳಿಯುವುದು ಹೇಗೆ?

ಪರದೆ ಆರಿಸಿ, ಖಾಲಿ ಹಾಳೆ ಕೊಡಿ. ವಿದ್ಯುತ್ ಮಂಡಲದ ಪಾಠ ಮುಗಿದ ಮೇಲೆ ನಾನು ‘ಒಂದು ಸೆಲ್, ಒಂದು ಬಲ್ಬ್, ವೈರು. ಬಲ್ಬ್ ಉರಿಯುವ ಹಾಗೆ ಬಿಡಿಸಿ’ ಎನ್ನುತ್ತೇನೆ. ಸಿಮ್ಯುಲೇಶನ್‌ನಲ್ಲಿ ಎಲ್ಲರೂ ಬಲ್ಬ್ ಉರಿಸಿರುತ್ತಾರೆ. ಆದರೂ ಕೆಲವು ಹಾಳೆಗಳಲ್ಲಿ ಸೆಲ್ಲಿನಿಂದ ಬಲ್ಬಿಗೆ ಒಂದೇ ವೈರು ಇರುತ್ತದೆ, ನಲ್ಲಿಯಿಂದ ಪೈಪು ಬಂದ ಹಾಗೆ. ಇನ್ನು ಕೆಲವರು ಎರಡು ವೈರು ಬಿಡಿಸಿ, ಎರಡನ್ನೂ ಬಲ್ಬಿನ ಕೆಳಗಿನ ಒಂದೇ ಬಿಂದುವಿಗೆ ತಾಗಿಸಿರುತ್ತಾರೆ.

ಆ ಹಾಳೆಗಳಿಗೆ ಅಂಕ ಹಾಕುವುದಿಲ್ಲ. ಹೆಸರು ಮುಚ್ಚಿ, ಮೂರು ಬಗೆಯ ಚಿತ್ರಗಳನ್ನು ಬೋರ್ಡಿನ ಮೇಲೆ ಬಿಡಿಸಿ, ‘ಯಾವುದು ಉರಿಯುತ್ತದೆ?’ ಎಂದು ಬರೆಸುತ್ತೇನೆ. ಆಮೇಲೆ ಮೇಜಿನ ಮೇಲೆ ನಿಜವಾದ ಸೆಲ್, ಬಲ್ಬ್, ವೈರು ಇಟ್ಟು ಪಕ್ಕಕ್ಕೆ ಸರಿಯುತ್ತೇನೆ.